ಶಿಕ್ಷೆಯ ಮೇಲಣ ಅಪೀಲೂ ಮೂವತ್ತು ದಿನಗಳ ವಾಯಿದೆಯೂ



ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮ್ಯಾಜಿಸ್ಟ್ರೇಟರಿಂದ ಶಿಕ್ಷೆ ಹೊಂದಿದವನು ಅದೇ ಕೋರ್ಟಿನಲ್ಲಿ ನಿಂತು, ಇನ್ನೊಮ್ಮೆ ವಿಚಾರಣೆ ನಡೆಯಿಸಿರೆಂದು ಬೇಡುವಂತಿಲ್ಲ. ಅಮೆರಿಕದಲ್ಲಿ ಅಂತಹ ಪದ್ಧತಿಯುಂಟು. ನಮ್ಮವನು ಹಾಸನದ ಸೆಷನ್ಸ್ ಕೋರ್ಟಿಗೆ ಅಪೀಲು ಹೋಗಬೇಕು. ಮರುವಿಚಾರಣೆಗೆ ಅಪ್ಪಣೆ ಕೊಡುವ ಅಧಿಕಾರ ಆ ಮೇಲಣ ಕೋರ್ಟಿನದು.

ಇದಕ್ಕೆ 1963ರ ಕಾಲಮಿತಿ ಕಾಯಿದೆ ಗೊತ್ತುಮಾಡಿದ ವಾಯಿದೆ 30 ದಿನಗಳು. ತೀರ್ಪಿನ ದಿನವು ಎಣಿಕೆಗೆ ಬಾರದು. ಅರ್ಜಿ ಕೊಟ್ಟಮೇಲೆ ತೀರ್ಪಿನ ನಕಲು ಸಿದ್ಧವಾಗಲು ಎಂಟು ದಿನ ಹಿಡಿದರೆ ಆ ಎಂಟೂ ಬಿಟ್ಟುಹೋಗುವುವು. ಆದರೆ ಅರ್ಜಿಯನ್ನೇ ಕೊಡದೆ ಊರಿನಲ್ಲಿ ಕುಳಿತು ಕಳೆದ ದಿನಗಳಿಗೆ ಮಾಫಿಯಿಲ್ಲ. ನಮ್ಮ ರೈತನು ಕೆಡುವುದು ಇಲ್ಲಿಯೇ. ಬಿತ್ತನೆ ಮುಗಿಯಲಿ, ಹಬ್ಬ ಕಳೆಯಲಿ ಎಂದು ತಡೆಯುತ್ತಾನೆ. ತಡಕ್ಕೆ ತಕ್ಕ ಕಾರಣವಿದ್ದರೆ ಕೋರ್ಟು ಮನ್ನಿಸಬಹುದು, ಮನ್ನಿಸಲೇಬೇಕೆಂದಿಲ್ಲ. ಸೆರೆಯಲ್ಲಿರುವವನು ಜೈಲಿನ ಅಧಿಕಾರಿಯ ಕೈಗೇ ಅಪೀಲನ್ನು ಕೊಡಬಹುದು.

ಇನ್ನು ಭಾಷೆಯ ಮಾತು. ಅಪೀಲಿಗೆ ಅವಕಾಶವಿರುವ ತೀರ್ಪಿನ ನಕಲನ್ನು ಆರೋಪಿಯು ಕೇಳಿದರೆ ಪುಕ್ಕಟೆಯಾಗಿ ಕೊಡತಕ್ಕದ್ದು. ತೀರ್ಪು ಇಂಗ್ಲಿಷಿನಲ್ಲಿದ್ದರೆ, ಸಾಧ್ಯವಿದ್ದಮಟ್ಟಿಗೆ, ಅವನ ಸ್ವಂತ ಭಾಷೆಯ ಅನುವಾದವನ್ನೇ ಬೇಡಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ಹಕ್ಕನ್ನು ಉಳಿಸಿದೆ. ಪ್ರಾಂತವೇನೋ 1956ರಲ್ಲಿ ಒಂದಾಯಿತು. ತನ್ನನ್ನು ಸೆರೆಗೆ ಕಳುಹಿದ ಕಾಗದವನ್ನು ಕನ್ನಡಿಗನು ಓದಲಾರದೆ ಹೋದರೆ ಆ ಏಕೀಕರಣ ಅವನ ಪಾಲಿಗೆ ಬಂದಂತಾಯಿತೇ?

ಉಪಾಧ್ಯಾಯರೇ, ನಿಮ್ಮ ಹಳ್ಳಿಯವನೊಬ್ಬನು ತೀರ್ಪು ಕೇಳಿ ಮರಳಿದ ಸಂಜೆಯೇ ಅವನಿಗೊಂದು ಅರ್ಜಿ ಬರೆದುಕೊಡಿರಿ: ನಕಲು ಬೇಕು, ಕನ್ನಡದಲ್ಲಿ ಬೇಕು. ತಾರೀಖು ಹಾಕುವುದನ್ನು ಮರೆಯಬೇಡಿರಿ.