ಧಾನ್ಯವಿದ್ದರೂ ಹಸಿವೇಕೆ?



ಜಗತ್ತಿನ ಹಸಿವಿನ ಬಗ್ಗೆ ಮಾತಾಡಿ ಎಂದಾಗ ನಾನು ಅಂದುಕೊಂಡದ್ದು ಇಷ್ಟೇ: ಬೆಳೆ ಕಡಿಮೆ, ಜನ ಹೆಚ್ಚು, ಅದಕ್ಕೇ ಹಸಿವು. ಓದುತ್ತಾ ಹೋದಂತೆ ಆ ಲೆಕ್ಕ ತಪ್ಪೆಂದು ತಿಳಿಯಿತು.

1943ರ ಬಂಗಾಳದ ಕ್ಷಾಮವನ್ನೇ ನೋಡಿ. ಸತ್ತವರು 20ರಿಂದ 30 ಲಕ್ಷ ಎಂಬ ಅಂದಾಜಿದೆ. ಬಾಲಕನಾಗಿ ಅದನ್ನು ಕಣ್ಣಾರೆ ಕಂಡ ಅಮರ್ತ್ಯ ಸೇನ್, 1981ರ ತಮ್ಮ ಪುಸ್ತಕದಲ್ಲಿ ಒಂದು ಲೆಕ್ಕ ಕೊಟ್ಟರು. ಕ್ಷಾಮವಿಲ್ಲದ 1941ಕ್ಕಿಂತ ಆ ವರ್ಷ ಧಾನ್ಯವೇನೂ ಕಡಿಮೆ ಇರಲಿಲ್ಲ. ಬರ್ಮಾ ಜಪಾನಿನ ವಶವಾಗಿತ್ತು, ಯುದ್ಧದ ಖರ್ಚಿನಿಂದ ಬೆಲೆ ಗಗನಕ್ಕೇರಿತ್ತು. ಕೂಲಿಯವರ, ಮೀನುಗಾರರ ಸಂಪಾದನೆ ಮಾತ್ರ ಅಷ್ಟು ಏರಲಿಲ್ಲ. ಕಲ್ಕತ್ತೆಯ ನೌಕರರಿಗೆ ಕಡಿಮೆ ಬೆಲೆಗೆ ಅಕ್ಕಿ ಸಿಕ್ಕಿತು. ಹಳ್ಳಿಯಿಂದ ಬಂದವರು ಅದೇ ಬೀದಿಗಳಲ್ಲಿ ಅನ್ನ ಬಸಿದ ಗಂಜಿಗಾಗಿ ಬೇಡಿದರು.

ಇಂದೂ ಹಾಗೆಯೇ. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಹಸಿದವರು ಸುಮಾರು 67 ಕೋಟಿ. 2022ರಲ್ಲಿ ಜಗತ್ತು ಎಸೆದ ಆಹಾರ 100 ಕೋಟಿ ಟನ್ನಿಗೂ ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳದ್ದೇ. ಸುಡಾನಿನಲ್ಲಿ ಯುದ್ಧವೇ ಕ್ಷಾಮ ತಂದಿತು.

ಹಸಿವಿನ ಪರಿಣಾಮ ಒಂದು ತಲೆಮಾರಿಗೆ ಮುಗಿಯುವುದಿಲ್ಲ. ಗರ್ಭದಿಂದ ಎರಡು ವರ್ಷದವರೆಗೆ ಪೋಷಣೆ ಸಿಗದ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ. ಮುಂದೆ ಕಲಿಕೆಗೂ ದುಡಿಮೆಗೂ ಪೆಟ್ಟು.

ಇಲ್ಲಿ ನನ್ನದೂ ಒಂದು ಮಾತಿದೆ. ಎಂಟೆಕ್ ಓದಿ, ಕೈತುಂಬ ಸಂಬಳ ತರುವ ನನಗೆ ಗರ್ಭಿಣಿಯಾಗಿದ್ದಾಗ ಹಿಮೋಗ್ಲೋಬಿನ್ 8 ಇತ್ತು. "ಊಟ ಯಾವಾಗ ಮಾಡ್ತೀರಿ?" ಎಂದರು ಡಾಕ್ಟರು. ಎಲ್ಲರದೂ ಆದ ಮೇಲೆ, ಲ್ಯಾಪ್‌ಟಾಪ್ ಮುಂದೆ, ಮಿಕ್ಕಿದ್ದನ್ನು. ಅಮ್ಮನೂ ಹಾಗೇ ಉಣ್ಣುತ್ತಿದ್ದಳು. ಅದು ಒಳ್ಳೆಯ ಗುಣವೆಂದೇ ನಂಬಿದ್ದೆ. ಇದನ್ನು ಕ್ಷಾಮಕ್ಕೆ ಹೋಲಿಸಲಾರೆ. ಆದರೂ ಮನೆಯಲ್ಲಿ ಅನ್ನವಿತ್ತು, ಅದರಲ್ಲಿ ನನ್ನ ಪಾಲನ್ನು ನಾನೇ ಎತ್ತಿಡಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಕಾರಣಗಳು ಹಲವು, ತಟ್ಟೆ ಅವುಗಳಲ್ಲೊಂದು.

ಈಗ ನಮ್ಮ ಮನೆಯಲ್ಲಿ ರಾತ್ರಿ ಎಲ್ಲರೂ ಒಟ್ಟಿಗೆ ಕೂರುತ್ತೇವೆ. ಇನ್ನೊಂದು ಕೆಲಸವನ್ನೂ ಮಾಡಿದೆ. ಬೇಳೆ, ಎಣ್ಣೆಯ ಬೆಲೆ ಏರಿದರೆ ನನ್ನ ಸಂಬಳ ತಡೆದುಕೊಳ್ಳುತ್ತದೆ. ಮನೆಗೆಲಸಕ್ಕೆ ಬರುವ ಮೌಶಿಯ ಸಂಬಳ? ಎರಡು ವರ್ಷದಿಂದ ನಾನು ಏರಿಸಿರಲೇ ಇಲ್ಲ. ಬಂಗಾಳದ ಕಥೆ ಓದಿದ ತಿಂಗಳೇ, ಅವರು ಕೇಳುವ ಮೊದಲೇ ಏರಿಸಿದೆ. ಇಂದು ಮನೆಗೆ ಹೋದ ಮೇಲೆ ನೀವೂ ಈ ಲೆಕ್ಕ ಒಮ್ಮೆ ನೋಡಿ.