ಆಟಗಾರನು ತೀರ್ಪುಗಾರನಾದಾಗ



ಚಿತ್ರದುರ್ಗದ ಕೋಟೆಯ ಕೆಳಗಣ ಬಯಲಿನಲ್ಲಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಶಾಲೆಯಂಗಳದಲ್ಲಾಗಲಿ ಹುಡುಗರು ಕ್ರಿಕೆಟ್ ಆಡುವುದನ್ನು ತಾವು ನೋಡಿಯೇ ಇರುತ್ತೀರಿ. ಅಲ್ಲಿ ಅಂಪೈರನನ್ನು ಹೊರಗಿನಿಂದ ಕರೆತರುವ ಅನುಕೂಲವೆಲ್ಲಿಯದು? ಬ್ಯಾಟು ಹಿಡಿದ ಪಕ್ಷದಲ್ಲಿಯೇ ಸರದಿ ಕಾಯುತ್ತಿರುವ ಒಬ್ಬನನ್ನು ವಿಕೆಟ್ಟಿನ ಹಿಂದೆ ನಿಲ್ಲಿಸುತ್ತಾರೆ. ತನ್ನವನನ್ನು ಔಟೆಂದರೆ ಗೆಳೆತನಕ್ಕೆ ಕುತ್ತು. ಅಲ್ಲವೆಂದರೆ ಆಟಕ್ಕೆ ಕುತ್ತು. ಊರಿನ ಆಟಗಳಲ್ಲಿ ಎಲ್.ಬಿ.ಡಬ್ಲ್ಯು. ನಿಯಮವನ್ನೇ ಬಹುಮಟ್ಟಿಗೆ ಕೈಬಿಟ್ಟಿರುವುದು ಸುಮ್ಮನೆ ಅಲ್ಲ!

ಇಂಥದೇ ಇಕ್ಕಟ್ಟು ನಮ್ಮ ನಾಡಿನ ಎ. ವಿ. ಜಯಪ್ರಕಾಶರಿಗೆ ಲೋಕದ ಕಣ್ಣೆದುರಿನಲ್ಲಿ ಒದಗಿತು. ರಣಜಿ ಪಂದ್ಯಗಳಲ್ಲಿ ಕರ್ನಾಟಕದ ಪರವಾಗಿ ಆಡಿದ ಅವರು ತರುವಾಯ ಅಂಪೈರರಾಗಿ 13 ಟೆಸ್ಟ್ ಪಂದ್ಯಗಳಲ್ಲಿ ನಿಂತರು. ಅವುಗಳಲ್ಲೊಂದು 1999ರ ಫೆಬ್ರವರಿಯಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ನಡೆದ ಭಾರತ–ಪಾಕಿಸ್ತಾನಗಳ ಪಂದ್ಯ. ಆಗಿನ ಕ್ರಮದಂತೆ ಒಬ್ಬ ಅಂಪೈರು ಪರದೇಶದವರು, ವೆಸ್ಟ್ ಇಂಡೀಸಿನ ಸ್ಟೀವ್ ಬಕ್ನರ್. ಇನ್ನೊಬ್ಬರು ಆತಿಥೇಯ ದೇಶದ ಜಯಪ್ರಕಾಶರು.

ಪಾಕಿಸ್ತಾನಕ್ಕೆ 420 ಓಟಗಳ ಗುರಿ. ಫೆಬ್ರವರಿ 7ರಂದು ವಿಕೆಟ್ಟು ಕಳೆದುಕೊಳ್ಳದೆ 101 ಓಟಗಳು ಬಂದಿದ್ದುವು. ಊಟದ ವಿರಾಮವಾದ ಮೇಲೆ ಬೆಂಗಳೂರಿನ ಅನಿಲ್ ಕುಂಬ್ಳೆಯವರು ಪೆವಿಲಿಯನ್ ಕಡೆಯಿಂದ ಚೆಂಡೆಸೆಯತೊಡಗಿದರು. ಆ ತುದಿಯಲ್ಲಿ ನಿಂತಿದ್ದವರು ಜಯಪ್ರಕಾಶರೇ. ಮೊದಲು ಕೀಪರನ ಕೈಗೆ ಕ್ಯಾಚಿತ್ತು ಔಟೆನಿಸಿಕೊಂಡ ಅಫ್ರಿದಿಯವರು ಆ ತೀರ್ಪನ್ನು ಒಪ್ಪಲಿಲ್ಲ. ಇಂದಾದರೆ ಯಂತ್ರಗಳ ಮೊರೆಹೋಗಿ ಮರುಪರಿಶೀಲನೆ ಕೇಳಬಹುದು. ಟೆಸ್ಟ್ ಪಂದ್ಯಗಳಲ್ಲಿ ಆ ಏರ್ಪಾಡನ್ನು ಪ್ರಯೋಗಿಸಿ ನೋಡಿದ್ದೇ 2008ರಲ್ಲಿ. ಅಂದು ಬರಿಗಣ್ಣೇ ಪ್ರಮಾಣ. ಎಸೆಯುವವನ ಕಾಲು ಗೆರೆ ದಾಟಿತೆ, ಚೆಂಡು ಎಲ್ಲಿ ಪುಟಿಯಿತು, ಪ್ಯಾಡಿಗೆ ಎಲ್ಲಿ ತಾಗಿತು, ತಾಗದಿದ್ದರೆ ಸ್ಟಂಪಿಗೆ ಬಡಿಯುತ್ತಿತ್ತೆ, ಇಷ್ಟನ್ನೂ ಕ್ಷಣಮಾತ್ರದಲ್ಲಿ ನಿಶ್ಚಯಿಸಬೇಕು.

ಒಂಬತ್ತನೆಯ ವಿಕೆಟ್ಟು ಸಕ್ಲೇನರದು, ಎಲ್.ಬಿ.ಡಬ್ಲ್ಯು. ಮೈದಾನವೆಲ್ಲ ಔಟೆಂದು ಕೂಗುತ್ತಿರುವಾಗ, ಎಸೆದವನು ತನ್ನ ನಾಡಿನವನೇ ಆಗಿರುವಾಗ, ಬೆರಳೆತ್ತುವುದು ಎಷ್ಟು ಸುಲಭ! ಆ ಸುಲಭವೇ ತೀರ್ಪುಗಾರನಿಗೆ ಅಪಾಯವೆಂದು ನಮ್ಮ ಎಣಿಕೆ. ಬಾಲ್ಯದಿಂದ ಗೆಲುವನ್ನೇ ಬಯಸಿದ ಆಟಗಾರನು ಅಂಪೈರನಾದ ಮೇಲೆ ಕಲಿಯಬೇಕಾದುದು ನಿಯಮಗಳನ್ನಲ್ಲ, ಅವು ಅವನಿಗೆ ತಿಳಿದೇ ಇರುತ್ತವೆ, ಬಯಸದೆ ನಿಲ್ಲುವುದನ್ನು.

ಬಯಸಿದವರು ಬೇರೆ ಇದ್ದರು. ಹತ್ತನೆಯದೂ ಕುಂಬ್ಳೆಯವರಿಗೇ ದಕ್ಕಲೆಂದು ಮೈಸೂರಿನ ಜಾವಗಲ್ ಶ್ರೀನಾಥರು ಇನ್ನೊಂದು ತುದಿಯಿಂದ ವಿಕೆಟ್ಟಿಗೆ ದೂರವಾಗಿಯೇ ಚೆಂಡೆಸೆದರು. ಕೊನೆಗೆ ವಾಸಿಂ ಅಕ್ರಮರು ಲಕ್ಷ್ಮಣರಿಗೆ ಕ್ಯಾಚಿತ್ತರು. ವಿವಾದಕ್ಕೆ ಎಡೆಯೇ ಇಲ್ಲ. 74 ಓಟಗಳಿಗೆ ಹತ್ತು ವಿಕೆಟ್ಟು! 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರರ ತರುವಾಯ ಟೆಸ್ಟ್ ಪಂದ್ಯಗಳಲ್ಲಿ ಇದೇ ಎರಡನೆಯದು.

ಗೆಳೆಯನಿಗಾಗಿ ಅಂದು ಚೆಂಡನ್ನು ಅತ್ತ ಎಸೆದ ಶ್ರೀನಾಥರು 2006ರಲ್ಲಿ ಮ್ಯಾಚ್ ರೆಫರಿಯಾಗಿ ಆಟಗಾರರ ನಡತೆಯನ್ನು ತೂಗುವ ಪೀಠದಲ್ಲಿ ಕುಳಿತರೆಂಬುದು ತಮ್ಮ ಮುಖದಲ್ಲಿ ನಗೆ ತರಿಸೀತು.