ಹೆಣ್ಣುಮಕ್ಕಳಿಗೆ ಕಾಡೂ ಬೇಕು, ಮೈದಾನವೂ ಬೇಕು

(ಕಳೆದ ಭಾನುವಾರ ಸಂಜೆ ಗಿರಣಿ ಕೇರಿಯಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದಿನ ಸಭೆ ಏಕೆ ಸೇರಿದೆ ಎಂಬುದು ನಿಮಗೆಲ್ಲ ಗೊತ್ತಿದೆ. ನಮ್ಮ ಕೇರಿಯ ಇಬ್ಬರು ಹುಡುಗಿಯರು ಅರಣ್ಯ ಇಲಾಖೆಯ ಗಸ್ತು ಕೆಲಸಕ್ಕೆ ಸೇರಬೇಕೆಂದು ಹಟ ಹಿಡಿದು ಓದುತ್ತಿದ್ದಾರೆ. ಆ ಕೆಲಸಕ್ಕೆ ಅಂಕಗಳಷ್ಟೇ ಸಾಲವು. ಓಟ, ಉದ್ದ ಜಿಗಿತ, ಗುಂಡು ಎಸೆತದ ಪರೀಕ್ಷೆಯೂ ಉಂಟು. ಅದಕ್ಕಾಗಿ ಅವರು ಬೆಳಗಿನ ಜಾವ ಎದ್ದು ಶಾಲೆಯ ಮೈದಾನದಲ್ಲಿ ಓಡುತ್ತಿದ್ದರು. ಈಗ ಎರಡು ವಾರದಿಂದ ಓಡುತ್ತಿಲ್ಲ.

ಯಾರೂ ಅವರನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ಚಹಾದಂಗಡಿಯ ಮುಂದೆ ನಿಂತಿದ್ದ ನಾಲ್ಕು ಜನ ನಕ್ಕರು. ಅವರಲ್ಲೊಬ್ಬರು ಹುಡುಗಿಯ ತಂದೆಯನ್ನು ಕರೆದು, "ಕಾಡು ಮೇಡು ಅಲೆಯೋದು ಗಂಡಸರ ಕೆಲಸ ಕಣಯ್ಯ, ಮಗಳನ್ನ ಬೇಟೆಗೆ ಕಳಿಸ್ತೀಯೇನು?" ಎಂದು ಕೇಳಿದರು. ತಂದೆ ತಲೆ ತಗ್ಗಿಸಿ ಮನೆಗೆ ಬಂದು, "ಸಾಕು ಬಿಡವ್ವ" ಎಂದರು. ಆಗಿದ್ದು ಇಷ್ಟೇ. ಒಂದು ನಗೆಗೆ ಇಬ್ಬರ ಬದುಕಿನ ದಾರಿ ಮುಚ್ಚುವ ಹಾಗಾಗಿದೆ.

ನಕ್ಕವರಲ್ಲಿ ನಮ್ಮ ಸಂಘದವರೂ ಇದ್ದರು. ಇದನ್ನು ಮುಚ್ಚಿಟ್ಟು ಮಾತನಾಡುವುದು ಸರಿಯಲ್ಲ. ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಅಂಗಳದ ಕಸ ನಾವು ಗುಡಿಸಬೇಕು.

"ಬೇಟೆ ಗಂಡಸಿನದು, ಒಲೆ ಹೆಂಗಸಿನದು, ಆದಿಯಿಂದಲೂ ಹೀಗೆಯೇ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಆಡಿದ್ದೇವೆ. ಓದಿದವರೂ ಇದನ್ನೇ ಆಡಿದರು. 1966ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಬೇಡ ಸಮುದಾಯಗಳ ಬಗ್ಗೆ ವಿದ್ವಾಂಸರ ದೊಡ್ಡ ಸಭೆ ಸೇರಿತು. ಎರಡು ವರ್ಷದ ಮೇಲೆ ಅದರ ಪ್ರಬಂಧಗಳು ಗ್ರಂಥವಾಗಿ ಹೊರಬಂದವು. ಆ ಗ್ರಂಥಕ್ಕೆ ಇಟ್ಟ ಹೆಸರಿನ ಅರ್ಥ 'ಬೇಟೆಗಾರ ಪುರುಷ' ಎಂದು. ತಮಾಷೆ ನೋಡಿ! ಆಫ್ರಿಕದ ಕಲಹಾರಿಯ ಬೇಡ ಜನರ ಹೊಟ್ಟೆ ಬಹುಪಾಲು ತುಂಬುತ್ತಿದ್ದುದು ಹೆಂಗಸರು ಆಯ್ದು ತಂದ ಕಾಯಿ, ಬೀಜ, ಗೆಡ್ಡೆಗಳಿಂದ ಎಂದು ಲೆಕ್ಕ ಹಾಕಿ ತೋರಿಸಿದ ಪ್ರಬಂಧವೂ ಅದೇ ಗ್ರಂಥದಲ್ಲಿದೆ. ದುಡಿದವಳು ಹೆಂಗಸು, ಹೆಸರು ಮಾತ್ರ ಗಂಡಸಿನದು. ಗಿರಣಿಯಲ್ಲಿ ಇದ್ದವರಿಗೆ ಈ ಲೆಕ್ಕ ಹೊಸದೇನೂ ಅಲ್ಲ.

ಬೇಟೆಗೂ ಹೆಂಗಸು ಹೋಗುತ್ತಿದ್ದಳೆ? ಹೋಗುತ್ತಿದ್ದಳು. ದಕ್ಷಿಣ ಅಮೆರಿಕದ ಪೆರು ದೇಶದ ಬೆಟ್ಟಗಳಲ್ಲಿ, ಸಮುದ್ರ ಮಟ್ಟಕ್ಕಿಂತ ಸುಮಾರು 3,900 ಮೀಟರ್ ಎತ್ತರದ ಒಂದು ಕಡೆ 2018ರಲ್ಲಿ ನೆಲ ಅಗೆದಾಗ ಸುಮಾರು 9,000 ವರ್ಷ ಹಳೆಯ ಸಮಾಧಿ ಸಿಕ್ಕಿತು. ಒಳಗೆ ಕಲ್ಲಿನ ಈಟಿಮೊನೆಗಳು, ಚರ್ಮ ಹದಮಾಡುವ ಕಲ್ಲುಗಳು, ಹೀಗೆ ಬೇಟೆಗಾರನ ಚೀಲದಲ್ಲಿ ಇರಬೇಕಾದ ಸಾಮಾನೆಲ್ಲ ಒಟ್ಟಿಗೆ ಇದ್ದವು. ಅಗೆದವರು ಮೊದಲು, ಇವನು ಯಾರೋ ದೊಡ್ಡ ಬೇಟೆಗಾರ, ಕುಲದ ನಾಯಕನೇ ಇರಬೇಕು ಎಂದುಕೊಂಡರು. ಹಲ್ಲನ್ನು ಪರೀಕ್ಷೆ ಮಾಡಿದಾಗ ತಿಳಿಯಿತು: ಆಕೆ 17ರಿಂದ 19 ವರ್ಷದ ಹುಡುಗಿ! 2020ರಲ್ಲಿ ಈ ಸಂಗತಿ ಪ್ರಕಟವಾಯಿತು. ಅದರ ಜೊತೆಗೆ ಅಮೆರಿಕ ಖಂಡಗಳ ಹಳೆಯ ಸಮಾಧಿಗಳ ದಾಖಲೆಗಳನ್ನು ತಿರುವಿ ಹಾಕಿದಾಗ, ಬೇಟೆಯ ಆಯುಧದೊಂದಿಗೆ ಮಣ್ಣು ಸೇರಿದ 27 ಮಂದಿಯಲ್ಲಿ 11 ಮಂದಿ ಹೆಂಗಸರೆಂದು ಕಂಡುಬಂತು.

ಈ ಲೆಕ್ಕವನ್ನು ಎಲ್ಲ ಪಂಡಿತರೂ ಒಪ್ಪುವುದಿಲ್ಲ. ಹೆಚ್ಚಿನ ಕಡೆ ದೊಡ್ಡ ಮೃಗದ ಬೇಟೆಯಲ್ಲಿ ಗಂಡಸರೇ ಹೆಚ್ಚು ಎಂದು ವಾದಿಸುವವರು ಇದ್ದಾರೆ. ಅದು ಇರಲಿ. ಹೆಚ್ಚು ಕಡಮೆಯ ಮಾತು ಬೇರೆ, "ಹೆಣ್ಣಿನಿಂದ ಆಗದು" ಎಂಬ ಮಾತು ಬೇರೆ. ಫಿಲಿಪ್ಪೀನ್ಸ್ ದೇಶದ ಆಗ್ತಾ ಎಂಬ ಗುಡ್ಡಗಾಡು ಜನರಲ್ಲಿ ಹೆಂಗಸರು ನಾಯಿಗಳನ್ನು ಕಟ್ಟಿಕೊಂಡು ಕಾಡುಹಂದಿ, ಜಿಂಕೆ ಬೇಟೆಗೆ ಹೋಗುತ್ತಿದ್ದುದನ್ನು 1980ರ ದಶಕದಲ್ಲಿ ಅಲ್ಲಿದ್ದು ನೋಡಿದವರು ಬರೆದಿದ್ದಾರೆ. ಮಕ್ಕಳ ತಾಯಂದಿರೂ ಹೋಗುತ್ತಿದ್ದರು. ಕೂಸನ್ನು ನೋಡಿಕೊಳ್ಳಲು ಮನೆಯವರು ಕೈಜೋಡಿಸುತ್ತಿದ್ದರು. ಮನೆಯವರು ಕೈಜೋಡಿಸಿದರೆ ತಾಯಿಯೂ ಹೊರಗೆ ಹೋಗಬಲ್ಲಳು. ಇದನ್ನು ತಿಳಿಯಲು ಫಿಲಿಪ್ಪೀನ್ಸಿಗೆ ಹೋಗಬೇಕಾಗಿಲ್ಲ. ಪಾಳಿ ಕೆಲಸ ಮಾಡುವ ನಮ್ಮ ಅಕ್ಕಂದಿರನ್ನು ಕೇಳಿದರೆ ಸಾಕು.

ಈಗ ನಮ್ಮ ದೇಶಕ್ಕೇ ಬರೋಣ. ಝಾರ್ಖಂಡದ ಛೋಟಾನಾಗಪುರದಲ್ಲಿ ಉರಾಂವ್ ಎಂಬ ಆದಿವಾಸಿಗಳಿದ್ದಾರೆ. ತಮ್ಮನ್ನು ತಾವು ಕುಡುಖರು ಎಂದು ಕರೆದುಕೊಳ್ಳುತ್ತಾರೆ. ಅವರ ಕುಡುಖ್ ಮಾತು ನಮ್ಮ ಕನ್ನಡದ ದಾಯಾದಿ, ದ್ರಾವಿಡ ಮನೆತನಕ್ಕೇ ಸೇರಿದ್ದು. ನಾವು 'ಕಣ್ಣು' ಎಂದರೆ ಅವರು 'ಖನ್' ಎನ್ನುತ್ತಾರೆ. ತಮ್ಮ ಹಿರಿಯರು ಕರ್ನಾಟಕದ ಕಡೆಯಿಂದ ನರ್ಮದೆಯ ದಾರಿ ಹಿಡಿದು ಬಂದರು ಎಂಬ ನಂಬಿಕೆಯೂ ಅವರಲ್ಲಿ ಉಂಟೆಂದು ಬ್ರಿಟಿಷರ ಕಾಲದ ಭಾಷಾ ಸಮೀಕ್ಷೆಯಲ್ಲಿ ದಾಖಲಾಗಿದೆ. ನಂಬಿಕೆಯನ್ನು ಇತಿಹಾಸ ಎನ್ನಲಾಗದು. ಆದರೂ ದೂರದ ನೆಂಟರೆಂದು ಕೈ ಮುಗಿಯಲು ಅಷ್ಟು ಸಾಕು.

ಈ ಜನರಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಒಂದು ಆಚರಣೆ ನಡೆಯುತ್ತದೆ. ಅದರ ಹೆಸರು ಜನಿ ಶಿಕಾರ್. ಜನಿ ಎಂದರೆ ಹೆಂಗಸು. ಹೆಂಗಸರ ಬೇಟೆ ಎಂದು ಅರ್ಥ. ಅಂದು ಹೆಂಗಸರು, ಹುಡುಗಿಯರು ಗಂಡಸರ ಉಡುಪು ತೊಟ್ಟು, ತಲೆಗೆ ರುಮಾಲು ಸುತ್ತಿ, ಬಿಲ್ಲು ಬಾಣ, ಕೊಡಲಿ, ದೊಣ್ಣೆ ಹಿಡಿದು ಗುಂಪುಗುಂಪಾಗಿ ಹೊರಡುತ್ತಾರೆ.

ಅದರ ಹಿಂದೆ ಒಂದು ಕಥೆ ಇದೆ. ಬಿಹಾರದಲ್ಲಿ ಸೋನ್ ನದಿಯ ಕಡೆ ರೋಹತಾಸಗಡ ಎಂಬ ಬೆಟ್ಟದ ಕೋಟೆ ಉಂಟು. ಅದು ಒಂದು ಕಾಲಕ್ಕೆ ತಮ್ಮದಾಗಿತ್ತು ಎನ್ನುತ್ತಾರೆ ಉರಾಂವರು. ಸರ್ಹುಲ್ ಹಬ್ಬದ ದಿನ ಗಂಡಸರೆಲ್ಲ ಅಕ್ಕಿಯ ಹೆಂಡ ಕುಡಿದು ಮಲಗಿದ್ದಾಗ ವೈರಿಗಳು ಕೋಟೆಗೆ ನುಗ್ಗಿದರಂತೆ. ಆಗ ಸಿನಗಿ ದಾಯಿ, ಕೈಲಿ ದಾಯಿ ಎಂಬ ಇಬ್ಬರು ಮುಂದಾಗಿ ನಿಂತು, ಹೆಂಗಸರಿಗೆಲ್ಲ ಗಂಡುಡುಗೆ ತೊಡಿಸಿ ಹೋರಾಡಿದರು. ಮೂರು ಸಲ ವೈರಿಗಳನ್ನು ಹಿಂದಕ್ಕಟ್ಟಿದರು. ಆಮೇಲೆ, ಇವರು ಎರಡೂ ಕೈಯಿಂದ ಮುಖ ತೊಳೆಯುವ ರೀತಿ ಕಂಡು ಹೆಂಗಸರೆಂಬ ಗುಟ್ಟು ಬಯಲಾಯಿತಂತೆ. ಕೋಟೆ ಕೈಬಿಟ್ಟುಹೋಯಿತು. ಆ ಮೂರು ಗೆಲುವಿನ ನೆನಪಿಗೆಂದು ಉರಾಂವ್ ಹೆಂಗಸರು ಹಣೆಯ ಮೇಲೆ ಮೂರು ಗೆರೆ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು.

ವೈರಿಗಳು ಯಾರು ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಅದು ನಮಗೆ ಮುಖ್ಯವಲ್ಲ. ಕೋಟೆ ಕಳೆದುಕೊಂಡ ಸೋಲಿನ ಕಥೆಯಲ್ಲಿಯೂ ತಮ್ಮ ಹೆಂಗಸರ ಮೂರು ಗೆಲುವನ್ನು ಒಂದು ಜನಾಂಗ ಹಣೆಯ ಮೇಲೆ ಬರೆದುಕೊಂಡಿತು. ಮಲಗಿದ್ದ ಗಂಡಸರೂ ಅದನ್ನು ಮರೆಮಾಡಲಿಲ್ಲ. ಅದು ಮುಖ್ಯ.

ಇಂದು ಜನಿ ಶಿಕಾರಿನಲ್ಲಿ ಕಾಡುಮೃಗದ ಬೇಟೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. ಹೆಂಗಸರು ಊರಿಂದೂರಿಗೆ ಹೋಗಿ ಅಲ್ಲಿ ಸಿಕ್ಕ ಆಡು, ಕೋಳಿಗಳನ್ನು ಹಿಡಿದುಕೊಂಡು ಹೋಗುತ್ತಾರೆ, ಊರವರು ಸುಮ್ಮನಿರುತ್ತಾರೆ. ಇದೇ ಉರಾಂವ್ ಜನರನ್ನು 19ನೆಯ ಶತಮಾನದಲ್ಲಿ ಅಸ್ಸಾಂ ಮತ್ತು ಉತ್ತರ ಬಂಗಾಳದ ಚಹಾ ತೋಟಗಳಿಗೆ ಕೂಲಿಗಳನ್ನಾಗಿ ಸಾಗಿಸಿದರು. ಚಹಾದಂಗಡಿಯ ಮುಂದೆ ನಿಂತು ನಕ್ಕವರ ಲೋಟದಲ್ಲಿ ಆ ಬೇಟೆಗಾರ್ತಿಯರ ಮೊಮ್ಮಗಳೊಬ್ಬಳು ಕಿತ್ತ ಎಲೆ ಇದ್ದಿರಬಹುದು.

ಸಂಗಾತಿಗಳೆ, ಹೆಣ್ಣು ಬೇಟೆಯಾಡಿದರೆ ಶ್ರೀಮಂತರ ಮನೆಯಲ್ಲಿ ಯಾರೂ ನಗಲಿಲ್ಲ. ಕೂಚ್ ಬಿಹಾರದ ರಾಜಕುಮಾರಿ, ಮುಂದೆ ಜೈಪುರದ ಮಹಾರಾಣಿಯಾದ ಗಾಯತ್ರೀದೇವಿ ತಮ್ಮ ಹನ್ನೆರಡನೆಯ ವಯಸ್ಸಿನಲ್ಲೇ ಚಿರತೆಯೊಂದನ್ನು ಗುಂಡಿಟ್ಟು ಕೊಂದವರು. ಅವರು 1919ರಲ್ಲಿ ಹುಟ್ಟಿದವರು. ಸರ್ಕಾರದ ಅರಣ್ಯ ಕಾಯಿದೆ ಬಂದದ್ದು 1927ರಲ್ಲಿ. ಅರಮನೆಯ ಹುಡುಗಿ ಬಂದೂಕು ಹಿಡಿದು ಕಾಡಿಗೆ ಹೋದರೆ ಶೌರ್ಯ. ಅದೇ ಕಾಲದಲ್ಲಿ ಬಡವರ ಹುಡುಗಿ ಕಾದಿಟ್ಟ ಕಾಡಿನಿಂದ ಒಂದು ಹೊರೆ ಸೌದೆ ತಂದರೆ ಅಪರಾಧ! ರಾಜರ ಷಿಕಾರಿಯಲ್ಲಿ ಪೊದೆ ಬಡಿದು ಮೃಗವನ್ನು ಎಬ್ಬಿಸುತ್ತಿದ್ದವರು ಬಡವರು. ಸತ್ತ ಹುಲಿಯ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದವರು ದೊರೆಗಳು. ಬೇಲೂರಿನ ಗುಡಿಗೆ ಹೋದವರು ಬಿಲ್ಲು ಹಿಡಿದ ಬೇಟೆಗಾರ್ತಿ ಮದನಿಕೆಯನ್ನು ನೋಡಿರಬೇಕು. ಕಲ್ಲಿನ ಬೇಟೆಗಾರ್ತಿಗೆ ಕತ್ತೆತ್ತಿ ಭಲೆ ಎನ್ನುತ್ತೇವೆ. ಜೀವಂತ ಹುಡುಗಿ ಓಡಿದರೆ ನಗುತ್ತೇವೆ.

ಒಂದು ಪ್ರಶ್ನೆ ಕೇಳುತ್ತೇವೆ, ಎಲ್ಲರೂ ಎದೆ ಮುಟ್ಟಿಕೊಂಡು ಉತ್ತರ ಹೇಳಿ. ನಮ್ಮ ಅಜ್ಜಿಯರು ಮೈಲಿಗಟ್ಟಲೆ ನಡೆದು ಕಾಡಿನಿಂದ ಸೌದೆ ಹೊರೆ ತಂದಾಗ, "ಕಾಡು ಗಂಡಸರ ಜಾಗ, ನೀನು ಮನೆಯಲ್ಲಿರು" ಎಂದು ಯಾವ ತಾತ ಹೇಳಿದ? ಸೀಗೆ, ಅಂಟುವಾಳ, ಜೇನು, ಎಲೆ ಆಯ್ದು ಸಂತೆಗೆ ತಂದ ಹೆಂಗಸಿನಿಂದ ಕೊಂಡು ಮಾರಿದ ವ್ಯಾಪಾರಿ ಮಿತ್ರರಲ್ಲಿ ಯಾರು ಹೇಳಿದಿರಿ? ಯಾರೂ ಹೇಳಲಿಲ್ಲ. ತಲೆಯ ಮೇಲೆ ಹೊರೆ ಇರುವವರೆಗೂ ಕಾಡು ಹೆಂಗಸಿನದಾಗಿತ್ತು. ತಿಂಗಳ ಸಂಬಳ, ಖಾಕಿ ಉಡುಪು, ಪಿಂಚಣಿ ಬಂದ ಕೂಡಲೇ ಅದು ಗಂಡಸರದಾಯಿತು! ಗಿರಣಿಯಲ್ಲಿಯೂ ಇದೇ ನಡೆಯುತ್ತದೆ. ಕೇರುವುದು, ಆರಿಸುವುದು, ಗುಡಿಸುವುದು ಹೆಂಗಸರ ಪಾಲು. ಯಂತ್ರದ ಮುಂದೆ ನಿಂತು ಹೆಚ್ಚು ಕೂಲಿ ಪಡೆಯುವುದು ಗಂಡಸರ ಪಾಲು. ಮಾಲೀಕ ನಮ್ಮನ್ನು ಹೀಗೆ ಪಾಲು ಮಾಡಿದರೆ ಬಾವುಟ ಹಿಡಿಯುತ್ತೇವೆ. ಮನೆಯೊಳಗೆ ನಾವೇ ಮಾಲೀಕರಾದರೆ?

ಕಾಲ ಸುಮ್ಮನೆ ಕುಳಿತಿಲ್ಲ. ಗುಜರಾತಿನ ಗಿರ್ ಕಾಡಿನಲ್ಲಿ 2007ರಿಂದ ಹೆಂಗಸರು ಅರಣ್ಯ ರಕ್ಷಕರಾಗಿ ಸೇರಿ, ಸಿಂಹಗಳ ನಡುವೆ ಗಸ್ತು ತಿರುಗುತ್ತಾರೆ, ಬಾವಿಗೆ ಬಿದ್ದ ಚಿರತೆಯನ್ನು ಎತ್ತುತ್ತಾರೆ. 2006ರ ಅರಣ್ಯ ಹಕ್ಕು ಕಾಯಿದೆಯಂತೆ ಕಾಡುವಾಸಿ ದಂಪತಿಗಳಿಗೆ ಕೊಡುವ ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು. ಗ್ರಾಮದ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು. ಅಂದು ಸೌದೆಗೆ ಹೋದವಳನ್ನು ಕಳ್ಳಿ ಎಂದ ಕಾನೂನು ಇಂದು ಆಕೆಯ ಹೆಸರನ್ನು ಕಾಗದದ ಮೇಲೆ ಬರೆಯಲೇಬೇಕಾಗಿ ಬಂದಿದೆ. ಬೇಟೆಯ ಕಾಲ ಮುಗಿಯಿತು. ಉಳಿದಿರುವುದು ಕಾಡನ್ನು ಕಾಯುವ ಕೆಲಸ. ಅದಕ್ಕೂ ಬೇಟೆಗೆ ಬೇಕಾಗಿದ್ದ ಕಾಲು, ಕಣ್ಣು, ಧೈರ್ಯವೇ ಬೇಕು.

ಹುಡುಗಿಯ ತಂದೆಯ ಅಂಜಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕಾಡಿನಲ್ಲಿ ಆನೆ ಉಂಟು, ಕಳ್ಳರು ಉಂಟು. ತಂಗಲು ಸರಿಯಾದ ಮನೆ ಇರುತ್ತದೆಯೋ, ಶೌಚಾಲಯ ಇರುತ್ತದೆಯೋ, ರಾತ್ರಿ ಜೊತೆಗೆ ಯಾರಿರುತ್ತಾರೋ ಎಂದು ಹೆತ್ತವರು ಕೇಳಬೇಕಾದದ್ದೇ. ಆದರೆ ಈ ಪ್ರಶ್ನೆಗಳನ್ನು ಸರ್ಕಾರಕ್ಕೆ ಕೇಳೋಣ. ಮಗಳಿಗೆ "ಸಾಕು ಬಿಡು" ಎಂದರೆ ಯಾವ ಇಲಾಖೆಯೂ ಒಂದು ಶೌಚಾಲಯ ಕಟ್ಟಿಸುವುದಿಲ್ಲ. ಮಗಳು ಕೆಲಸಕ್ಕೆ ಸೇರಲಿ, ಬೇಡಿಕೆಯ ಪತ್ರಕ್ಕೆ ನಮ್ಮ ಸಂಘದ ಮೊಹರನ್ನೂ ಹಾಕೋಣ.

ಕೊನೆಗೆ ಮೂರು ಮಾತು. ಈ ಸಭೆ ಇವನ್ನು ಒಪ್ಪಬೇಕೆಂದು ಕೇಳುತ್ತೇವೆ.

ಒಂದು, ನಾಳೆಯಿಂದ ಬೆಳಿಗ್ಗೆ 5ರಿಂದ 7ರವರೆಗೆ ಶಾಲೆಯ ಮೈದಾನ ಹುಡುಗಿಯರ ಅಭ್ಯಾಸಕ್ಕೆ ಬಿಟ್ಟಿರಲಿ. ಬೆಳಗಿನ ಜಾವ ಬಾಗಿಲು ತೆಗೆಯುವ ಅಂಗಡಿಯ ಮಿತ್ರರು ಹೊರಗಿನ ದೀಪವನ್ನು ಅರ್ಧ ಗಂಟೆ ಮುಂಚೆ ಹಚ್ಚಿ ಆ ದಾರಿಗೆ ಬೆಳಕು ಕೊಡಿ. ರಾತ್ರಿ ಪಾಳಿ ಮುಗಿಸಿ ಬರುವ ಸಂಗಾತಿಗಳು ಯಾರಾದರೂ ನಗುವುದನ್ನು ಕಂಡರೆ, ಕೇಳುವವರು ನೀವಾಗಿ.

ಎರಡು, ಮೈದಾನಕ್ಕೆ ದೀಪ, ಹೆಂಗಸರಿಗೆ ಶೌಚಾಲಯ ಬೇಕೆಂದು ನಗರಸಭೆಗೆ ಕೊಡುವ ಅರ್ಜಿಗೆ ಇಂದೇ ಸಹಿ ಹಾಕಿ. ಬರೆದು ತಂದಿದ್ದೇವೆ.

ಮೂರು, ಓಡಿ ಬಂದ ಹುಡುಗಿ ನೀರು ಹಿಡಿದು, ಪಾತ್ರೆ ತೊಳೆದು, ಆಮೇಲೆ ಓದಬೇಕೆಂದರೆ ಅದು ಅನ್ಯಾಯ. ಅಣ್ಣ ತಮ್ಮಂದಿರು ನೀರಿನ ಕೊಡ ಎತ್ತಲಿ. ಅವರ ತೋಳಿಗೂ ವ್ಯಾಯಾಮವಾದೀತು.

ಆ ಇಬ್ಬರೂ ಹುಡುಗಿಯರು ಸಭೆಯ ಹಿಂದಿನ ಸಾಲಿನಲ್ಲಿದ್ದಾರೆ. ಅವ್ವ, ನಿಮಗೆ ನಮ್ಮದೊಂದು ಮಾತು. ಪರೀಕ್ಷೆಯಲ್ಲಿ ಗೆಲ್ಲುವುದು ಸೋಲುವುದು ನಿಮ್ಮ ಕಾಲಿಗೂ ಗಡಿಯಾರಕ್ಕೂ ಬಿಟ್ಟದ್ದು. ಓಡದಂತೆ ತಡೆಯುವ ಅಧಿಕಾರ ಮಾತ್ರ ಈ ಕೇರಿಯಲ್ಲಿ ಯಾರಿಗೂ ಇಲ್ಲ. ನಾಳೆ ಬೆಳಿಗ್ಗೆ ಐದಕ್ಕೆ ಮೈದಾನದ ಬಾಗಿಲು ತೆಗೆಯಲು ನಾವೇ ಬರುತ್ತೇವೆ.